ಎಳೆಯುವುದು ಬೇರೆ, ಹೊರುವುದು ಬೇರೆ

ಆರ್ಡಿಸ್ ಕ್ವಾಮೆಗೆ ಬಾಯಿ ಜಾಸ್ತಿ ಎಂದು ಊರವರು ಹೇಳುವುದು ಸುಳ್ಳಲ್ಲ. ಆದರೆ ಆ ಬಾಯಿ ಅರವತ್ತು ದಾಟಿದ ಮೇಲೆ ಬಂದದ್ದು ಎನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಅದಕ್ಕೆ ಮುಂಚೆ ಅವಳ ಪಾಲಿಗೆ ಇದ್ದದ್ದು ಎರಡು ಕೈ. ಪ್ರತಿ ಜುಲೈಯಲ್ಲಿ ಕ್ವಾಮೆ ಮನೆತನದವರೆಲ್ಲ ಘಾಟಿ ದಾಟಿ ಸರೋವರದ ದಡದಲ್ಲಿ ಬಿಡಾರ ಹೂಡುವಾಗ, ಗಂಡ ನಾರಿಸ್ ಗಾಲಿಗಳ ಮೇಲಿನ ಪುಟ್ಟ ಮನೆಯಂಥ ಟ್ರೇಲರನ್ನು ಹಿಮ್ಮುಖವಾಗಿ ಮರಗಳ ನಡುವೆ ತೂರಿಸುತ್ತಿದ್ದ, ಇವಳು ಹಿಂದೆ ನಿಂತು ಕೈ ಬೀಸುತ್ತಿದ್ದಳು. ನಮ್ಮ ಮಾಂಟಾನಾದಲ್ಲಿ ಗಂಡಸರು ಸ್ಟೀರಿಂಗ್ ಹಿಡಿಯಬೇಕು, ಹೆಂಗಸರು ಕೈ ಬೀಸಬೇಕು. ಬೈಬಲಿನಲ್ಲೇ ಬರೆದಿದೆಯೇನೋ ಅನ್ನುವ ಹಾಗೆ ಇದು ನಡೆದುಕೊಂಡು ಬಂದಿದೆ.

"ಕನ್ನಡೀಲಿ ಕಾಣೋ ಹಾಗೆ ನಿಂತ್ಕೊ, ಆರ್ಡಿಸ್," ಎಂದು ನಾರಿಸ್ ಕಿಟಕಿಯಿಂದ ಕೂಗುತ್ತಿದ್ದ. "ನನಗೆ ನೀನು ಕಾಣ್ಲಿಲ್ಲ ಅಂದ್ರೆ ನೀನು ಅಲ್ಲಿ ಇಲ್ಲ ಅಂತಲೇ ಲೆಕ್ಕ."

ಹೋದ ವರ್ಷ ಎಲೆ ಉದುರುವ ಹೊತ್ತಿಗೆ ನಾರಿಸ್ ತೀರಿಕೊಂಡ. ಅವನ ಆನೆಯಂಥ ಡೀಸೆಲ್ ಟ್ರಕ್ಕನ್ನು ಹತ್ತಲು ಆರ್ಡಿಸಳಿಗೆ ಸ್ಟೂಲು ಬೇಕಿತ್ತು. ಅವಳು ಅದನ್ನು ಮಾರಿ, ತನ್ನ ಕಾಲಿಗೆ ಎಟಕುವ ಮಧ್ಯಮ ಗಾತ್ರದ ಪಿಕಪ್ ತಂದಳು. ನಾರಿಸನ ಹಳೆಯ ಉಕ್ಕಿನ ಹತಾರದ ಪೆಟ್ಟಿಗೆಯನ್ನು ಮಾತ್ರ ಮಾರಲು ಮನಸ್ಸಾಗಲಿಲ್ಲ. ಹೊಸ ಪಿಕಪ್ಪಿನ ಹಿಂಭಾಗಕ್ಕೆ ಅದನ್ನು ಬೋಲ್ಟು ಹಾಕಿ ಕೂರಿಸಿಕೊಂಡಳು. ಒಂದು ದಿನವೂ ಅದರ ಮುಚ್ಚಳ ತೆರೆದವಳಲ್ಲ.

ಪಿಕಪ್ ನೋಡಿ ಮೈದುನ ಲೈಲ್ ಹೊಟ್ಟೆ ಹಿಡಿದುಕೊಂಡು ನಕ್ಕ. ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೂ ಕಾಫಿ ಕುಡಿಯುತ್ತಿದ್ದಾಗಲೇ ಮಾತು ತೆಗೆದ.

"ಈ ಆಟಿಕೆ ಕಟ್ಕೊಂಡು ಟ್ರೇಲರ್ ಎಳೀತೀಯಾ? ಸುಮ್ನೆ ಟ್ರೇಲರನ್ನ ನನ್ನ ಶೆಡ್ಡಿಗೆ ಬಿಡು. ಇನ್ಮೇಲೆ ನಾನೇ ತಗೊಂಡು ಹೋಗ್ತೀನಿ. ನೀನು ಕಾರಲ್ಲಿ ಬಾ, ಸೇಬಿನ ಪೈ ಮಾಡ್ಕೊಂಡು."

ಆ ಪೈ ಅನ್ನುವ ಮಾತಿಗೆ ಆರ್ಡಿಸಳ ಪಿತ್ತ ನೆತ್ತಿಗೇರಿತು.

"ಈ ಜುಲೈಲಿ ಟ್ರೇಲರನ್ನ ನಾನೇ ಘಾಟಿ ದಾಟಿಸ್ತೀನಿ. ಆಗ್ಲಿಲ್ಲ ಅಂದ್ರೆ ಅದು ನಿಂದೇ, ತಗೊಂಡು ಹೋಗು," ಎಂದುಬಿಟ್ಟಳು. ಊರೆಲ್ಲ ಕೇಳಿಸಿಕೊಂಡಿತು. ಮನೆಗೆ ಬಂದ ಮೇಲೆ ಟ್ರೇಲರಿನೊಳಗೆ ಹೋಗಿ ಕೂತಳು. ನಾರಿಸನ ವಾಸನೆ ಇನ್ನೂ ಉಳಿದಿದ್ದುದು ಆ ಟ್ರೇಲರಿನ ದಿಂಬುಗಳಲ್ಲಿ ಮಾತ್ರ. ಅದನ್ನೇ ಪಣಕ್ಕಿಟ್ಟು ಬಂದಿದ್ದಳು.

ಹೊರಡುವ ಬೆಳಿಗ್ಗೆ ಲೈಲ್ ಫ್ಲಾಸ್ಕು ಹಿಡಿದು ಹಾಜರಾದ. ಹೇಳದೆ ಕೇಳದೆ ಪಕ್ಕದ ಸೀಟಿನಲ್ಲಿ ಕೂತ. ಒಂಟಿ ಹೆಂಗಸು, ಘಾಟಿ ದಾರಿ, ಮನೆಯ ಗಂಡಸು ಅಂತ ಒಬ್ಬ ಜೊತೆಗಿರಬೇಡವೇ ಎಂದು ಅವನ ಹೆಂಡತಿ ಡೊನೆಲ್ ಕಳಿಸಿದ್ದಳಂತೆ. ಲೈಲ್ ಸಣ್ಣ ಆಳಲ್ಲ. ಟ್ರೇಲರಿನ ಭಾರಕ್ಕೆ ಆಗಲೇ ಹಿಂಭಾಗ ಕುಸಿದು ಮೂತಿ ಎತ್ತಿದ್ದ ಪಿಕಪ್, ಅವನು ಕೂತೊಡನೆ ಇನ್ನಷ್ಟು ತಗ್ಗಿತು. ರಸ್ತೆಗಿಳಿದ ಮೇಲೆ ಎಂಜಿನ್ ಏನೂ ಗೊಣಗಲಿಲ್ಲ, ಸಲೀಸಾಗಿ ಎಳೆಯಿತು. ಆದರೆ ಮೊದಲ ತಿರುವಿನಲ್ಲಿ ಸ್ಟೀರಿಂಗ್ ಕೈಗೆ ಹತ್ತಲಿಲ್ಲ, ತೇಲಿದ ಹಾಗಾಯಿತು. ಆರ್ಡಿಸ್ ವೇಗ ಇಳಿಸಿದಳು.

"ನೋಡಿದ್ಯಾ? ನಾನು ಬಡ್ಕೊಂಡೆ, ಈ ಎಂಜಿನ್ ಕೈಲಿ ಆಗಲ್ಲ ಅಂತ," ಎಂದ ಲೈಲ್, ಖುಷಿಯಾಗಿ.

"ಎಂಜಿನ್ ಎಳೀತಾ ಇದೆ, ಲೈಲ್. ತೊಂದರೆ ಎಳೆಯೋದ್ರಲ್ಲಿ ಇಲ್ಲ."

"ಮತ್ತೆ ಇನ್ಯಾವುದ್ರಲ್ಲಿ? ವಾಪಸ್ ತಿರುಗಿಸು."

ಅವಳು ತಿರುಗಿಸಿದಳು, ಆದರೆ ಮನೆ ಕಡೆಗಲ್ಲ. ಊರಾಚೆಯ ಗೋಧಿ ಉಗ್ರಾಣಕ್ಕೆ ಹೋದಳು. ಸುಗ್ಗಿಯಲ್ಲಿ ಲಾರಿಗಳನ್ನು ತೂಗುವ ದೊಡ್ಡ ತಕ್ಕಡಿ ಅಲ್ಲಿದೆ. ಉಗ್ರಾಣ ನೋಡಿಕೊಳ್ಳುವ ಟ್ರೂಡಿ ಹೊರಗೆ ಬಂದಳು. ಆರ್ಡಿಸ್ ಟ್ರೇಲರಿನ ಗಾಲಿಗಳನ್ನು ಹೊರಗೇ ಉಳಿಸಿ, ಪಿಕಪ್ಪಿನ ನಾಲ್ಕು ಗಾಲಿಗಳನ್ನಷ್ಟೇ ತಕ್ಕಡಿಯ ಹಲಗೆಯ ಮೇಲೆ ನಿಲ್ಲಿಸಿದಳು. ಟ್ರೂಡಿ ತೂಕವನ್ನು ಓದಿ ಹೇಳಿದಳು. ಆರ್ಡಿಸ್ ತನ್ನ ಬಾಗಿಲು ತೆರೆದು, ಬಾಗಿಲ ಸಂದಿಗೆ ಅಂಟಿಸಿದ್ದ ಚೀಟಿಯನ್ನು ಕನ್ನಡಕ ಏರಿಸಿ ನೋಡಿದಳು. ಪಿಕಪ್ ಒಟ್ಟು ಎಷ್ಟು ತೂಗಬಹುದು ಎಂದು ಅದರಲ್ಲಿದೆ. ಆ ಮಿತಿಗಿಂತ ಇನ್ನೂರು ಪೌಂಡು ಹೆಚ್ಚೇ ಇತ್ತು.

"ನೀನೇ ಅಲ್ವಾ ಗಾಡಿ ಜೊತೆ ಬಂದ ಪುಸ್ತಕ ತೋರಿಸಿದ್ದು, ಆರೂವರೆ ಸಾವಿರ ಪೌಂಡು ಎಳೆಯುತ್ತೆ ಅಂತ?" ಲೈಲ್ ಹಲ್ಲು ಕಿರಿದ. "ಟ್ರೇಲರ್ ನಾಲ್ಕು ಸಾವಿರಾನೂ ಇಲ್ಲ. ಪುಸ್ತಕ ಸುಳ್ಳು ಹೇಳ್ತಾ?"

"ಪುಸ್ತಕ ಹೇಳಿದ್ದು ಎಳೆಯೋ ಲೆಕ್ಕ. ಇದು ಹೊರೋ ಲೆಕ್ಕ. ಟ್ರೇಲರಿನ ಮೂಗು ಕೊಂಡಿ ಮೇಲೆ ಕೂತಿರೋ ಭಾರ, ನಾನು, ನೀನು, ಹಿಂದಿರೋ ಪೆಟ್ಟಿಗೆ, ಎಲ್ಲಾನೂ ಇದರ ಬೆನ್ನ ಮೇಲೇ. ಸ್ವಲ್ಪ ಇಳಿ, ನೋಡೋಣ."

"ನಾನು ಯಾಕೆ?"

"ಇಳಿ ಅಂದೆ."

ಲೈಲ್ ಇಳಿದ. ಪಿಕಪ್ ಉಸಿರು ಬಿಟ್ಟ ಹಾಗೆ ಮೇಲೆದ್ದಿತು. ಟ್ರೂಡಿ ಮತ್ತೆ ಓದಿದಳು. ಈಗ ತೂಕ ಮಿತಿಯೊಳಗೆ ಬಂದಿತ್ತು, ಕೂದಲೆಳೆಯಷ್ಟು.

"ಏನು ಲೈಲ್, ನಿನ್ನ ತೂಕ ನನಗೂ ಗೊತ್ತಾಗೋಯ್ತಲ್ಲ," ಎಂದಳು ಟ್ರೂಡಿ. "ಭಾನುವಾರದೊಳಗೆ ಊರಿಗೂ ಗೊತ್ತಾಗುತ್ತೆ ಬಿಡು."

ಲೈಲನ ಕಿವಿ ಕೆಂಪಾಯಿತು. "ಅದಕ್ಯಾಕೆ ನನ್ನ ಇಳಿಸ್ತೀಯ? ಅಣ್ಣನ ಆ ಪೆಟ್ಟಿಗೆ ಇಳಿಸು. ಅದು ನನ್ನಷ್ಟೇ ಭಾರ ಇದೆ. ನಾನು ಕೂತ್ಕೋತೀನಿ."

ಅವನು ಹೇಳಿದ್ದು ಸರಿಯೇ ಇತ್ತು, ಅದೇ ಅವಳಿಗೆ ಮೈ ಉರಿಸಿತು. ಆರ್ಡಿಸ್ ಹಿಂದೆ ಹೋಗಿ ಪೆಟ್ಟಿಗೆಯ ಮೇಲೆ ಕೈಯಿಟ್ಟಳು. ಉಕ್ಕು ಬಿಸಿಲಿಗೆ ಆಗಲೇ ಬೆಚ್ಚಗಾಗಿತ್ತು. ಇದು ಜೊತೆಗಿದ್ದರೆ ನಾರಿಸ್ ಜೊತೆಗಿದ್ದ ಹಾಗೆ ಎಂದುಕೊಂಡು ಚಳಿಗಾಲವೆಲ್ಲ ಹೊತ್ತು ತಿರುಗಿದ್ದಳು. ಅವಳಿಗೆ ನಾರಿಸ್ ಬೇಕಾಗಿದ್ದ. ಅವನ ಮೇಲೆ ಸಿಟ್ಟೂ ಇತ್ತು. ಅಷ್ಟು ವರ್ಷದಲ್ಲಿ ಒಂದೇ ಒಂದು ಸಲ, ಖಾಲಿ ರಸ್ತೆಯಲ್ಲಾದರೂ, ಟ್ರೇಲರ್ ಕಟ್ಟಿದ ಗಾಡಿಯನ್ನು ಅವಳ ಕೈಗೆ ಕೊಟ್ಟಿರಲಿಲ್ಲ. ಕೊಂಡಿ ಹಾಕುವುದನ್ನು ಸಹ ಅವಳು ಈ ವಸಂತದಲ್ಲಿ ಒಬ್ಬಳೇ, ಬೆರಳು ಜಜ್ಜಿಸಿಕೊಂಡು ಕಲಿತಿದ್ದಳು. ಮೇಲೆ ಘಾಟಿಯಿತ್ತು, ಇಳಿಜಾರಿತ್ತು. ಕೂದಲೆಳೆಯ ಅಂತರವನ್ನು ನಂಬಿಕೊಂಡು ಹೋಗುವುದು ಅವಳಿಗೆ ಬೇಕಿರಲಿಲ್ಲ.

"ಇಬ್ರೂ ಇಳೀರಿ," ಎಂದಳು.

"ಇಬ್ರೂ ಅಂದ್ರೆ? ನಾನಾಗ್ಲೇ ಇಳಿದಿದೀನಲ್ಲ," ಎಂದ ಲೈಲ್.

ಟ್ರೂಡಿಗೆ ಅರ್ಥವಾಯಿತು. ಅವಳು ಒಳಗೆ ಹೋಗಿ ಸ್ಪ್ಯಾನರು ತಂದಳು. ಬೋಲ್ಟು ಬಿಚ್ಚುವಾಗ ಆರ್ಡಿಸ್ ಅತ್ತಳು, ಕೈ ಮಾತ್ರ ನಿಲ್ಲಿಸಲಿಲ್ಲ. ಮೂವರೂ ಸೇರಿ ಪೆಟ್ಟಿಗೆಯನ್ನು ಇಳಿಸಿ ಉಗ್ರಾಣದ ಮೂಲೆಯಲ್ಲಿಟ್ಟರು. ಲೈಲ್ ಅದರ ಪಕ್ಕ ಫ್ಲಾಸ್ಕು ಹಿಡಿದು ನಿಂತ, ಡೊನೆಲ್ ಬಂದು ಕರೆದುಕೊಂಡು ಹೋಗಲಿ ಎಂದು.

ಪಿಕಪ್ಪಿನ ಮೂತಿ ಈಗ ನೆಲ ನೋಡುತ್ತಿತ್ತು, ಸ್ಟೀರಿಂಗ್ ಹೇಳಿದಂತೆ ಕೇಳಿತು. ಅರ್ಧ ಘಾಟಿ ಏರುವಷ್ಟರಲ್ಲಿ ಲೈಲ್ ಮತ್ತು ಡೊನೆಲ್ ಕೂತಿದ್ದ ಅವರ ದೊಡ್ಡ ಡೀಸೆಲ್ ಟ್ರಕ್ಕು ಹಿಂದೆ ಬಂದು ಹಾರ್ನು ಬಾರಿಸಿತು. ಆರ್ಡಿಸ್ ಜಪ್ಪಯ್ಯ ಅನ್ನಲಿಲ್ಲ. ತನಗೆ ಬೇಕಾದ ನಿಧಾನದಲ್ಲೇ ಏರಿದಳು, ಅದಕ್ಕಿಂತ ನಿಧಾನವಾಗಿ ಇಳಿದಳು. ಲೈಲ್ ಹಿಂದೆಯೇ ತೆವಳಿಕೊಂಡು ಬಂದ.

ಸರೋವರದ ದಡದಲ್ಲಿ ಕ್ವಾಮೆ ಮನೆತನದವರೆಲ್ಲ ಮಡಚುವ ಕುರ್ಚಿ ಹಾಕಿಕೊಂಡು ಕಾದಿದ್ದರು. ಟ್ರೇಲರ್ ಘಾಟಿ ದಾಟಿತ್ತು, ಪಣ ಗೆದ್ದಾಗಿತ್ತು. ಆದರೆ ಅದನ್ನು ಮರಗಳ ನಡುವೆ ಹಿಮ್ಮುಖವಾಗಿ ತೂರಿಸುವ ತನಕ ಯಾರೂ ಅದನ್ನು ಗೆಲುವೆಂದು ಒಪ್ಪುವವರಲ್ಲ. ಆರ್ಡಿಸ್ ಮೊದಲ ಸಲ ಹಿಂದಕ್ಕೆ ಬಿಟ್ಟಾಗ ಟ್ರೇಲರ್ ಅಡ್ಡಡ್ಡ ತಿರುಗಿತು. ಎರಡನೆಯ ಸಲವೂ ಹಾಗೇ ಆಯಿತು. ಲೈಲ್ ಟ್ರಕ್ಕಿನಿಂದಿಳಿದು ದಾಪುಗಾಲು ಹಾಕಿಕೊಂಡು ಅವಳ ಕಿಟಕಿಗೆ ಬಂದ.

"ಜರುಗು ಆ ಕಡೆ. ನಾನು ಹಾಕ್ತೀನಿ."

ಆರ್ಡಿಸ್ ಮುಂದಕ್ಕೆ ಹೋಗಿ ಗಾಡಿಯನ್ನು ನೇರ ಮಾಡಿಕೊಂಡಳು. ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಹಿಂದೆ ಹೋಗಿ ನಿಂತ್ಕೊ, ಲೈಲ್," ಎಂದಳು. "ಕನ್ನಡೀಲಿ ಕಾಣೋ ಹಾಗೆ."

ಕುರ್ಚಿಗಳಲ್ಲಿದ್ದ ಹೆಂಗಸರೆಲ್ಲ ಕತ್ತು ತಿರುಗಿಸಿದರು. ಡೊನೆಲ್ ಗಂಡನ ಮುಖ ನೋಡಿದಳು. ಲೈಲ್ ಹಿಂದಕ್ಕೆ ನಡೆದು ಪೈನ್ ಮರದ ಪಕ್ಕ ನಿಂತು, ಎರಡೂ ಕೈ ಎತ್ತಿ ಬೀಸತೊಡಗಿದ.