ಟವೆಲ್ಲುಗಳಿಂದ ತುಂಬಿದ ಕ್ರೀಡಾಂಗಣ

ಒಂದು ಆಸನದ ಸಾಮರ್ಥ್ಯವೆಷ್ಟು ಎಂದು ಕೇಳಿದರೆ ಬೇರೆ ಊರಿನವರು ಒಬ್ಬ ಮನುಷ್ಯ ಎಂದಾರು. ನಮ್ಮ ಇಳಕಲ್ಲಿನಲ್ಲಿ ಅದರ ಉತ್ತರ ಒಂದು ಟವೆಲ್ಲು. ನಿಲ್ದಾಣದಲ್ಲಿ ಹುನಗುಂದದ ಬಸ್ಸು ಇನ್ನೂ ತಿರುವಿನಲ್ಲಿರುವಾಗಲೇ ಅದರ ಕಿಟಕಿಗಳೊಳಗೆ ಟವೆಲ್ಲು, ಕರವಸ್ತ್ರ, ತೀರಾ ಅವಸರವಿದ್ದವರ ಒಂಟಿ ಚಪ್ಪಲಿ ಹಾರಿಹೋಗಿ ಸೀಟುಗಳ ಮೇಲೆ ಪ್ರತಿಷ್ಠಾಪನೆಗೊಳ್ಳುವ ವೈಭವವನ್ನು ನೀವೂ ಕಂಡಿರುತ್ತೀರಿ. ಒಡೆಯನು ಚಹಾ ಕುಡಿದು, ಎಲೆಅಡಿಕೆ ಹಾಕಿಕೊಂಡು, ಪರಿಚಯದವರ ಕುಶಲ ವಿಚಾರಿಸಿ ಬರುವವರೆಗೆ ಆ ವಸ್ತ್ರವೇ ಅವನು. ಮುದುಕರಿಗೆ ಎದ್ದು ಜಾಗ ಬಿಡುವ ಉದಾರಿಗಳಿಗೂ ಪರರ ಟವೆಲ್ಲನ್ನು ಸರಿಸುವ ಎದೆಗಾರಿಕೆ ಇಲ್ಲ. ಹುನಗುಂದದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಲು ನಿತ್ಯ ಓಡಾಡುವ ನಾನಂತೂ ಎಷ್ಟೋ ವರ್ಷ ಖಾಲಿ ಸೀಟುಗಳ ನಡುವೆ ಸವಿನಯ ನಿಂತುಕೊಂಡೇ ಪ್ರಯಾಣ ಮಾಡಿದ್ದೇನೆ.

ಇಂಥ ಊರಿನಲ್ಲಿ ನನ್ನ ಮಗಳು ರೇಣುಕಾ ಫುಟ್‌ಬಾಲ್ ಆಡುತ್ತಾಳೆ, ಅದರಲ್ಲೂ ಗೋಲ್‌ಕೀಪರ್. ಕುಸ್ತಿ, ಕಬಡ್ಡಿಗಳೆಂದರೆ ಊಟ ಬಿಟ್ಟು ಓಡುವ ನಮ್ಮ ಜನಕ್ಕೆ, ಎಲ್ಲರೂ ಓಡಾಡುವಾಗ ಒಬ್ಬಳೇ ಕಂಬಗಳ ನಡುವೆ ನಿಲ್ಲುವ ಈ ಹುದ್ದೆಯ ಘನತೆ ತಿಳಿಯದು. ‘ಮೇಷ್ಟ್ರ ಮಗಳಿಗಿ ಆಡಾಕ ಕೊಡಂಗಿಲ್ಲೇನ್ರಿ, ಬರೇ ನಿಂದ್ರಸ್ತಾರ?’ ಎಂದು ನೆರೆಮನೆಯ ಗೌರಮ್ಮನವರು ನನ್ನ ಹೆಂಡತಿಯ ಎದುರು ಮರುಗಿದ್ದೂ ಉಂಟು. ಬಾದಾಮಿಗೆ ಹೋದರೆ ಬಾದಾಮಿಯವರು, ಬಾಗಲಕೋಟೆಗೆ ಹೋದರೆ ಬಾಗಲಕೋಟೆಯವರು ಇವಳ ಬೆನ್ನ ಹಿಂದೆಯೇ ನಿಂತು ಚೀರಿ, ಸಿಳ್ಳೆ ಹೊಡೆದು, ಇವಳ ಕೈ ನಡುಗಲೆಂದು ಹಾರೈಸುತ್ತಿದ್ದರು. ತವರು ಪ್ರೇಕ್ಷಕರೆಂಬ ಭಾಗ್ಯ ಯಾವಾಗಲೂ ಎದುರಾಳಿಗಳದೇ. ಹೀಗಿರಲು ಈ ವರ್ಷ ಜಿಲ್ಲೆಯ ಹೆಣ್ಣುಮಕ್ಕಳ ಪಂದ್ಯಾವಳಿಯ ಅಂತಿಮ ಪಂದ್ಯ ನಮ್ಮೂರಿನ ಮೈದಾನಕ್ಕೇ ಬಂದಿತು. ಬಾಗಲಕೋಟೆಯ ಮೇಲೆ ನಮ್ಮವರು. ಹಿಂದಿನ ಸಂಜೆ ಕೈಗವಸುಗಳನ್ನು ಒಗೆದು ಹರವುತ್ತ ಅವಳು, ‘ಅಪ್ಪಾ, ಗೆಲ್ಲೂದು ಆಮ್ಯಾಲ ಇರ್ಲಿ. ಒಮ್ಮೆರ ನನ್ನ ಪರವಾಗಿ ಮಂದಿ ಚೀರೂದು ಕೇಳಬೇಕಂತ ಆಸೆ ಐತಿ’ ಎಂದಳು.

ಅಷ್ಟರಲ್ಲಾಗಲೇ ನಾನು ಆಸನ ವ್ಯವಸ್ಥಾ ಸಮಿತಿಯ ಅಧ್ಯಕ್ಷನಾಗಿದ್ದೆ. ದೇಣಿಗೆ ಕೊಡುವ ಶಕ್ತಿಯಾಗಲಿ ಸ್ವಾಗತಗೀತೆ ಹಾಡುವ ಕಂಠವಾಗಲಿ ಇಲ್ಲದವನಿಗೆ ನಮ್ಮಲ್ಲಿ ಕುರ್ಚಿಗಳ ಉಸ್ತುವಾರಿ ಬರುತ್ತದೆ. ಮದುವೆ ಮಂಟಪಗಳಿಂದ ತರಿಸಿದ ಪ್ಲಾಸ್ಟಿಕ್ ಕುರ್ಚಿಗಳನ್ನು ಮೈದಾನದ ಸುತ್ತ ನಾನೇ ನಿಂತು ಹಾಕಿಸಿದೆ. ಕುರ್ಚಿಗಳಿದ್ದಷ್ಟೇ ಟಿಕೆಟ್ಟು ಮಾರಿಸಿದೆ. ಎರಡೇ ದಿನದಲ್ಲಿ ಎಲ್ಲವೂ ಖರ್ಚಾದವು. ಮುಚ್ಚಿಹೋದ ಟಾಕೀಸಿನ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ‘ಹೌಸ್‌ಫುಲ್’ ಫಲಕವನ್ನು ಬೇಡಿ ತಂದು ಗೇಟಿಗೆ ತೂಗುಹಾಕಿದಾಗ ನನಗಾದ ರೋಮಾಂಚನ, ಪಿಎಚ್‌.ಡಿ. ಪದವಿ ಪಡೆದ ದಿನವೂ ಆಗಿರಲಿಲ್ಲ. ಗೇಟಿನಲ್ಲಿ ನಿವೃತ್ತ ಬಸ್ ಕಂಡಕ್ಟರ್ ಸಂಗಪ್ಪನವರನ್ನು ನಿಲ್ಲಿಸಿದೆ. ನೂಕುನುಗ್ಗಲು ಆಗಬಾರದೆಂಬ ಮಹಾ ದೂರದೃಷ್ಟಿಯಿಂದ ಬೆಳಿಗ್ಗೆಯೇ ಗೇಟು ತೆರೆಸಿದೆ.

ಅನಾಹುತ ಹೊಕ್ಕಿದ್ದು ಆ ದೂರದೃಷ್ಟಿಯ ಬಾಗಿಲಿನಿಂದಲೇ. ಟಿಕೆಟ್ಟು ಕೊಂಡ ಮಹನೀಯರು ಬೆಳಿಗ್ಗೆಯೇ ದಯಮಾಡಿಸಿ, ಮನೆಮಂದಿಯ ಲೆಕ್ಕಕ್ಕೆ ತಕ್ಕಂತೆ ಕುರ್ಚಿಗಳ ಮೇಲೆ ಟವೆಲ್ಲು ಹರಡಿ, ಕೃತಕೃತ್ಯರಾಗಿ ಊಟ ನಿದ್ರೆಗಳಿಗೆ ತೆರಳಿದರು. ಆಟ ನಾಲ್ಕಕ್ಕೆ ಎಂದು ಟಿಕೆಟ್ಟಿನ ಮೇಲೆ ಅಚ್ಚಾಗಿತ್ತು. ನಾಲ್ಕಕ್ಕೆ ಎಂದರೆ ನಾಲ್ಕಕ್ಕೆ ಮುಖ ತೊಳೆಯಲು ಏಳಬೇಕು, ಮುಖ್ಯ ಅತಿಥಿ ಬಂದು ದೀಪ ಹಚ್ಚಿ ಸನ್ಮಾನಗಳೆಲ್ಲ ಮುಗಿಯುವಾಗ ಹೋದರೆ ಸಾಕು ಎಂಬ ನಮ್ಮೂರಿನ ಕಾಲಜ್ಞಾನ, ಪಾಪ, ಹೊರಗಿನಿಂದ ಬಂದಿದ್ದ ರೆಫರಿಗೆ ಹೇಗೆ ತಿಳಿದೀತು? ಆತ ಗಡಿಯಾರ ನೋಡಿ ನಾಲ್ಕಕ್ಕೇ ಸೀಟಿ ಊದಿಬಿಟ್ಟ.

ಆಗ ಕಂಡ ದೃಶ್ಯ ನನ್ನ ಆಡಳಿತ ಸಾಮರ್ಥ್ಯಕ್ಕೆ ಸಂದ ಸನ್ಮಾನವೆಂದೇ ಹೇಳಬೇಕು. ಪ್ರತಿ ಕುರ್ಚಿಯೂ ಭರ್ತಿ, ಒಂದು ನರಪಿಳ್ಳೆಯೂ ಇಲ್ಲ. ಕೆಂಪು ಅಂಚಿನವು, ಚೌಕುಳಿಯವು, ಗಾಳಿ ಬಂದಾಗ ಒಂದಿಷ್ಟು ಅಲುಗಿ ಉತ್ಸಾಹ ತೋರುವವು. ಹೀಗೆ ಶಿಸ್ತಿನ ಟವೆಲ್ಲುಗಳು. ಗೇಟಿನ ಹೊರಗೆ ಟಿಕೆಟ್ಟು ಸಿಗದೆ ಉಳಿದವರ ದೊಡ್ಡ ಗುಂಪು ನಿಂತಿತ್ತು: ಗ್ರಾನೈಟ್ ಪಾಲಿಶಿನ ಬಿಳಿ ಧೂಳು ಮೈಗಂಟಿದ ಕಾರ್ಮಿಕರು, ಹಾಸ್ಟೆಲಿನ ಹುಡುಗಿಯರು, ಕುರಿಗಳನ್ನು ಬಯಲಿಗೆ ಬಿಟ್ಟು ಬಂದ ಹಾಲುಮತದ ಮಂದಿ. ಸಂಗಪ್ಪನವರು ಫಲಕ ತೋರಿಸಿ ಅವರನ್ನು ತಡೆದಿದ್ದರು. ಒಳಗೆ ಮಾತ್ರ ಒಂದೇ ಟೆಂಪೋದಲ್ಲಿ ಬಂದ ಬಾಗಲಕೋಟೆಯವರು, ಆಟಗಾರ್ತಿಯರ ಸಂಗಡಿಗರೆಂದು ಪುಕ್ಕಟೆ ಪ್ರವೇಶ ಪಡೆದು, ರೇಣುಕಾಳ ಹಿಂದೆ ನೆಲದ ಮೇಲೆ ಕೂತು ಡೊಳ್ಳು ಬಾರಿಸುತ್ತಿದ್ದರು. ನಮ್ಮೂರಿನ ನೆತ್ತಿಯ ಮೇಲೆ ಕೂತು ಅವರು ತಮ್ಮ ಊರನ್ನು ಸ್ಥಾಪಿಸಿದ್ದರು. ಮಧ್ಯಂತರಕ್ಕೆ ಮುನ್ನ ಆ ಡೊಳ್ಳಿನ ಅಬ್ಬರದಲ್ಲೇ ನಮ್ಮ ಮೇಲೆ ಒಂದು ಗೋಲು ಬಿತ್ತು.

ವಿರಾಮದಲ್ಲಿ ರೇಣುಕಾ ನೇರ ನನ್ನ ಕಡೆ ಬಂದಳು. ಮುಂದಿನ ಸಾಲಿನಲ್ಲಿ, ಊರಿನ ಬಹು ದೊಡ್ಡ ಮನುಷ್ಯರೊಬ್ಬರ ಟವೆಲ್ಲನ್ನು ಎತ್ತಿ ಮುಖದ ಬೆವರನ್ನೂ ಮೊಣಕೈಯ ರಕ್ತವನ್ನೂ ಒರೆಸಿಕೊಂಡಳು. ಯಾರಾದರೂ ಕಂಡರೇನೋ ಎಂದು ನಾನು ಸುತ್ತ ನೋಡಿದೆ. ಅವಳು ಅದನ್ನು ಮಡಿಚಿ ಮತ್ತೆ ಕುರ್ಚಿಯ ಮೇಲಿಟ್ಟು, ‘ಅಪ್ಪಾ, ಇವು ಚಪ್ಪಾಳಿ ಹೊಡಿಯಂಗಿಲ್ಲ’ ಎಂದು ಹೊರಟುಹೋದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ.

ಗೇಟಿಗೆ ಓಡಿದೆ. ‘ಬಿಡ್ರಿ ಸಂಗಪ್ಪನವರ, ಎಲ್ಲಾರ್ನೂ ಒಳಗ ಬಿಡ್ರಿ.’

‘ಹೆಂಗ ಬಿಡ್ಲಿರಿ ಸರ? ಟಾವೆಲ್ ಹಾಕಿದ ಸೀಟಿನ್ಯಾಗ ಮತ್ತೊಬ್ಬರ್ನ ಕುಂಡ್ರಿಸಿದ್ರ ನಾಳೆ ಊರಾಗ ಜಗಳ ಹತ್ತತಾವು.’

‘ಕುಂಡ್ರೂದು ಬ್ಯಾಡ್ರಿ, ನಿಂತು ನೋಡ್ಲಿ.’

ಸಂಗಪ್ಪನವರ ಮುಖ ಅರಳಿತು. ‘ಸ್ಟ್ಯಾಂಡಿಂಗ್ ಏನ್ರಿ? ಮೊದ್ಲ ಹೇಳಬಾರದ? ಸ್ಟ್ಯಾಂಡಿಂಗ್ ಆದ್ರ ಎಷ್ಟರ ಹಿಡಸ್ತೇನಿ!’ ಎಂದವರೇ ಗೇಟನ್ನು ಹಾರು ಹೊಡೆದು, ಜೀವಮಾನದ ಕಂಠಶ್ರೀಯನ್ನೆಲ್ಲ ಒಟ್ಟುಗೂಡಿಸಿ, ‘ಮುಂದಕ್ಕ ಸರೀರಿ! ಒಳಗ ಭಾಳ ಜಾಗಾ ಐತಿ, ಸರೀರಿ!’ ಎಂದು ಕೂಗಿದರು. ಎಷ್ಟು ಜನ ಹಿಡಿಯುತ್ತಾರೆಂದು ಹಗಲಿಡೀ ಲೆಕ್ಕ ಹಾಕಿದ ನನ್ನ ವಿದ್ವತ್ತು ಆ ಕೂಗಿನ ಎದುರು ತೆಪ್ಪಗಾಯಿತು.

ಜನ ನುಗ್ಗಿದರು. ಯಾರೂ ಒಂದು ಟವೆಲ್ಲನ್ನೂ ಮುಟ್ಟಲಿಲ್ಲ. ಕುರ್ಚಿಗಳನ್ನು ಬಳಸಿ ಹೋಗಿ, ವಿರಾಮದ ನಂತರ ಎರಡೂ ತಂಡ ಕಡೆ ಬದಲಿಸಿದ್ದರಿಂದ ಆಚೆ ತುದಿಗೆ ಹೋದ ರೇಣುಕಾಳ ಹಿಂದೆ ಗೋಡೆ ಕಟ್ಟಿದಂತೆ ನಿಂತರು. ಗೇಟು ತೆರೆಯುವ ಗಡಿಬಿಡಿಯಲ್ಲಿ ಹಿಂದುಳಿದ ಅಧ್ಯಕ್ಷನಿಗೆ ಕಂಡದ್ದು ಬರೀ ಬೆನ್ನುಗಳು. ಹಾರಿದೆ, ತುದಿಗಾಲಲ್ಲಿ ನಿಂತೆ, ಏನೂ ಕಾಣದು. ಇದ್ದಕ್ಕಿದ್ದಂತೆ ಎಲ್ಲ ನಿಶ್ಶಬ್ದ. ಬಾಗಲಕೋಟೆಗೆ ಪೆನಾಲ್ಟಿ ಸಿಕ್ಕಿತೆಂದು ಯಾರೋ ಪಿಸುಗುಟ್ಟಿದರು. ಚೆಂಡು ಒದ್ದ ಸದ್ದು ಕೇಳಿಸಿತು. ಆಮೇಲೆ ಎದ್ದ ಕೇಕೆಗೆ ಬೇವಿನ ಮರದ ಕಾಗೆಗಳೆಲ್ಲ ಹಾರಿದವು.

‘ಹಿಡದ್ಳಲೇ! ಹಿಡದ್ಳು!’ ಎಂದು ಮುಂದಿದ್ದ ಗ್ರಾನೈಟಿನ ಕಾರ್ಮಿಕ ಕುಣಿದಾಡಿ, ಕೈಗೆ ಸಿಕ್ಕ ನನ್ನನ್ನೇ ಅಪ್ಪಿಕೊಂಡ. ಆಟವನ್ನು ಕಡೆಗೆ ಆ ಒಂದೇ ಗೋಲಿನಿಂದ ನಾವು ಸೋತೆವು, ಅದು ಬೇರೆ ಮಾತು. ಆ ಗಳಿಗೆಯಲ್ಲಿ ಮಾತ್ರ ನನ್ನ ಅಂಗಿಯ ತುಂಬ ಕಲ್ಲಿನ ಧೂಳು, ಕಿವಿಯ ತುಂಬ ಊರಿನ ದನಿ.

‘ಏನ್ ಹಿಡದ್ಳ್ರೀ ಆ ಹುಡುಗಿ! ಯಾರ ಮಗಳ್ರೀ ಆಕಿ?’ ಎಂದು ಅವನು ಕೇಳಿದ.

ಬಾಯಿಗೆ ಬಂದ ಉತ್ತರವನ್ನು ನುಂಗಿಕೊಂಡೆ. ‘ನಮ್ಮೂರಾಕಿ’ ಎಂದೆ.