ಗ್ಲೆನ್ಕೋದಲ್ಲಿ ಇಟ್ಟ ಎಡೆ

ಇದು ಆಗುವ ಮಾತಲ್ಲ ಎಂದವರು ನಮ್ಮ ಅತ್ತೆ. ಲಂಡನ್ನಿನ ಹೌನ್ಸ್ಲೋದ ಮನೆಯಲ್ಲಿ ಜೋಳದ ಹಿಟ್ಟು ನಾದುತ್ತ, ತಲೆ ಎತ್ತದೆ ಹೇಳಿದ್ದರು: "ನಮ್ಮ ಮನಿತನದಾಗ ಗಂಡಸರೇ ಕಾಲೇಜಿನ ಮೆಟ್ಟಲಾ ಹತ್ತಿಲ್ಲ. ನೀ ಡಿಗ್ರಿ ತಗೋತೀ? ಪಾಸಾಗು, ಫೇಲಾಗು, ಪರೀಕ್ಷಾ ಮುಗದ ಮ್ಯಾಲ ಬಿಜಾಪುರಕ್ಕ ಹೋಗಿಬಿಡೂಣು."

ನಾನು ಓದಲು ಹೊರಟದ್ದು ಕಲ್ಲಿನ ವಿಷಯ. ಅದಕ್ಕೆ ಕಾರಣ ಒಂದು ಗುಡ್ಡ.

ತೊಂಬತ್ತರ ದಶಕ. ಲಂಡನ್ನಿಗೆ ಬಂದ ಹೊಸತರಲ್ಲಿ ನಮ್ಮವರು ಗೆಳೆಯನ ಕಾರು ತಂದು ನನ್ನನ್ನು ಸ್ಕಾಟ್ಲೆಂಡಿಗೆ ಕರೆದೊಯ್ದರು. ಬಯಲು ಮುಗಿದು ಹೆದ್ದಾರಿ ತಿರುಗಿದ್ದೇ ತಡ, ಎದುರಿಗೆ ನಿಂತಿತ್ತು: ಮರವಿಲ್ಲದ, ಮನೆಯಿಲ್ಲದ ಕಪ್ಪು ಶಿಖರ. ನಮ್ಮ ಕಡೆ ಸಣ್ಣ ದಿಬ್ಬಕ್ಕೂ ಒಬ್ಬ ದೇವರಿರುತ್ತಾನೆ. ಇಲ್ಲಿ ಒಂದು ಗುಡಿಯೂ ಇಲ್ಲ. ನಮ್ಮವರು ಕಾರು ನಿಲ್ಲಿಸಿದರು. ಸದಾ ವಟಗುಟ್ಟುವ ಮನುಷ್ಯ ಗಾಜು ಇಳಿಸಿ ಮೇಲೆ ನೋಡಿದರು. ದನಿ ತಗ್ಗಿಸಿ, "ಇದು ನಮ್ಮನ್ನ ನೋಡಾಕತ್ತೈತಿ," ಎಂದರು.

ಮುಂದಿನ ಚಳಿಗಾಲ, ನಿಲ್ದಾಣದ ಕೆಲಸದಲ್ಲಿ ವಿಮಾನಕ್ಕೆ ಸಾಮಾನು ಹೇರುತ್ತಿದ್ದಾಗಲೇ ನಮ್ಮವರು ಎದೆ ಹಿಡಿದುಕೊಂಡು ಕುಸಿದರು, ಏಳಲಿಲ್ಲ. ಊರಿನಿಂದ ಅತ್ತೆ ನನ್ನ ಜೊತೆಗೆಂದು ಬಂದು ಉಳಿದರು.

ಆ ಶಿಖರವೂ ಉಳಿಯಿತು. ಬಸ್ಸಿನ ಮಂಜುಗಟ್ಟಿದ ಕಿಟಕಿಯಲ್ಲಿ, ನಮ್ಮ ಬೀದಿಯ ಕೊನೆಯ ಚಾವಣಿಗಳ ಹಿಂದೆ ಅದು ನಿಂತಿರುತ್ತಿತ್ತು. ಅದೇನೆಂದು ತಿಳಿದರೆ ಹೆದರಿಕೆ ಕಡಿಮೆಯಾದೀತೆಂದು, ಹಗಲು ವಿಮಾನದ ಊಟದ ತಟ್ಟೆ ಜೋಡಿಸುವ ಕೆಲಸ ಮಾಡಿ, ಸಂಜೆ ಭೂವಿಜ್ಞಾನದ ಪದವಿ ತರಗತಿಗೆ ಹೋದೆ. ಅದು ಸತ್ತ ಜ್ವಾಲಾಮುಖಿಯ ಅಳಿದುಳಿದ ಭಾಗವಂತೆ. ನಮ್ಮ ಬಿಜಾಪುರದ ಕರಿಕಲ್ಲೂ ಬೆಂಕಿಯಾಗಿ ಹರಿದದ್ದೇ. ನಾನು ಹುಟ್ಟಿದ ಮನೆಯ ಹೊಸ್ತಿಲೂ ಲಾವಾ.

ಹೆದರಿಕೆ ಕಡಿಮೆಯಾಗಲಿಲ್ಲ.

ಕೊನೆಯ ವರ್ಷ ಆ ಶಿಖರವನ್ನೇ ಕಣ್ಣಾರೆ ನೋಡಿ, ಅದರ ಪದರಗಳ ಚಿತ್ರ ಬರೆದು ಕೊಡಬೇಕಿತ್ತು. ಅದಿಲ್ಲದೆ ಪದವಿಯಿಲ್ಲ. ಜಾಗದ ಹೆಸರು ಗ್ಲೆನ್ಕೋ. ಗ್ಲೆನ್ ಎಂದರೆ ಅಲ್ಲಿಯವರ ಮಾತಿನಲ್ಲಿ ಕಣಿವೆ. ಹೊರಡುವಾಗ ಅತ್ತೆ ಬುತ್ತಿ ಕೈಗಿಟ್ಟರು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಎಲ್ಲ ನಮ್ಮವರಿಗೆ ಸೇರುತ್ತಿದ್ದವು.

"ಅವ ನೋಡಿದ ಗುಡ್ಡದ ಮುಂದನ ನನ್ನ ಮಗಗ ಎಡಿ ಇಡು. ಕಾಗಿ ಮುಟ್ಟೂತನಾ ಏಳಬ್ಯಾಡ."

ಕಾಗೆ ಮುಟ್ಟದಿದ್ದರೆ ಸತ್ತವರದು ಏನೋ ಆಸೆ ಬಾಕಿಯಿದೆ ಎಂದು ನಮ್ಮಲ್ಲಿ ನಂಬಿಕೆ.

ನಾವು ಅಲ್ಲಿ ತಲುಪಿದ ದಿನ ಮೋಡ ಶಿಖರವನ್ನು ಪೂರ್ತಿ ನುಂಗಿತ್ತು. ಮಿಕ್ಕ ವಿದ್ಯಾರ್ಥಿಗಳು ಕಾದು, ಬೈದು, ಅಂದಾಜಿನಲ್ಲಿ ಗೀಚಿ ಬಸ್ಸಿಗೆ ಹೋದರು. ನಾನು ಬಂಡೆಯ ಮೇಲೆ ಎಡೆ ಹರಡಿ ಕೂತೆ. ಕಾಗೆಗೆ ಕಾಯುತ್ತಿದ್ದೇನೆ ಎಂದದ್ದಕ್ಕೆ ಸಹಪಾಠಿ ಟುಂಡೆ, ನೈಜೀರಿಯಾದವನು, ಹಗಲು ಬಸ್ ಓಡಿಸುವವನು, ಹೋಗುತ್ತ ನಕ್ಕ: "ಈ ಚಳಿಗೆ ಕಾಗೆಗಳೂ ಲಂಡನ್ನಿಗೆ ಹೋಗಿವೆ, ಅಕ್ಕಾ!"

ಕಾಗೆ ಬರಲಿಲ್ಲ. ನಮ್ಮನ್ನು ಕರೆತಂದಿದ್ದ ಪಾಠದ ಮೇಡಂ ಬಂದರು. "ಬೆಟ್ಟದಲ್ಲಿ ಊಟ ಬಿಡುವಂತಿಲ್ಲ, ಎತ್ತಿಕೊ, ಹೊತ್ತಾಯಿತು," ಎಂದರು. ರೊಟ್ಟಿ ಮಡಚುವಾಗ ಬೆನ್ನ ಹಿಂದೆ ಯಾರೋ ನಿಂತಂತಾಯಿತು. ತಿರುಗಿದೆ. ಮೋಡ ಹರಿದು ಶಿಖರ ಬರಿಮೈಯಲ್ಲಿ ನಿಂತಿತ್ತು, ಪದರ ಪದರವಾಗಿ. ಪೆನ್ಸಿಲ್ ತೆಗೆದು ಬರೆದೆ. ಹಾಳೆ ತೋಯದಂತೆ ಮೇಡಂ ನನ್ನ ಮೇಲೆ ಕೊಡೆ ಹಿಡಿದರು. ಬರೆದು ಮುಗಿಯುವಷ್ಟರಲ್ಲಿ ಮತ್ತೆ ಮುಚ್ಚಿತು.

ಅತ್ತೆಗೆ ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ಮುಟ್ಟಲಿಲ್ಲರಿ ಅತ್ತಿ." ಅವರು ಅಂದು ಉಣ್ಣಲಿಲ್ಲ.

ಆ ಚಿತ್ರವೇ ನನ್ನನ್ನು ಪಾಸು ಮಾಡಿತು. ಪದವಿಯ ದಿನ ಅತ್ತೆ ಇಳಕಲ್ ಸೀರೆ ಉಟ್ಟು, ಮೇಲೆ ನಮ್ಮವರ ಕೋಟು ಹಾಕಿಕೊಂಡು ಬಂದರು. ನಾನು ವೇದಿಕೆಯಿಂದ ಇಳಿದು ಪ್ರಮಾಣಪತ್ರವನ್ನು ಅವರ ಕೈಗೇ ಕೊಟ್ಟೆ. ಓದಲು ಬಾರದವರು, ತಿರುಗಿಸಿ ನೋಡಿದರು.

"ಇದರಾಗ ನನ್ನ ಮಗನ ಹೆಸರ ಎಲ್ಲೈತಿ?"

ನನ್ನ ಹೆಸರಿನ ಪಕ್ಕದಲ್ಲಿ ತೋರಿಸಿದೆ. ಹೆಬ್ಬೆರಳನ್ನು ಅಲ್ಲೇ ಊರಿದರು, ಎತ್ತಲಿಲ್ಲ.

"ಬಿಜಾಪುರಕ್ಕ ಟಿಕೀಟ ತಗಸಬ್ಯಾಡವಾ," ಎಂದರು. "ಕಾಗಿನೂ ಮುಟ್ಟಲಿಲ್ಲ, ಅವ ಇಲ್ಲಿಂದ ಬರಂಗ ಕಾಣೂದಿಲ್ಲ. ಅವನೊಬ್ಬನ್ನ ಬಿಟ್ಟು ಹ್ಯಾಂಗ ಹೋಗೂದು?"