ಗುಬ್ಬಿಯನ್ನು ಯಾರೂ ಕೇಳಲಿಲ್ಲ

ನಮ್ಮ ಐಸಿಯುವಿನ ಮುಖ್ಯಸ್ಥೆಯನ್ನು ನಾವು ನರ್ಸ್‌ಗಳೆಲ್ಲ ಬೆನ್ನ ಹಿಂದೆ ದೊಡ್ಡಮ್ಮ ಎನ್ನುತ್ತಿದ್ದೆವು. ಅವರಿಗೆ ಅದು ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಇದ್ದರು. ಹನ್ನೆರಡು ಹಾಸಿಗೆಗಳ ಆ ಘಟಕದಲ್ಲಿ ನಾನು ಅವರ ಜೊತೆ ಇಪ್ಪತ್ತೆರಡು ವರ್ಷ ಕೆಲಸ ಮಾಡಿದೆ, ಅದರಲ್ಲಿ ಒಂಬತ್ತು ವರ್ಷ ಹೆಡ್ ಸಿಸ್ಟರ್ ಆಗಿ. ಉಸಿರಾಟದ ಯಂತ್ರ ಕೂಗಿಕೊಂಡರೆ ನಾವು ಯಂತ್ರದ ಕಡೆ ನೋಡುತ್ತಿದ್ದೆವು. ಅವರು ಮೊದಲು ರೋಗಿಯ ಮುಖ ನೋಡುತ್ತಿದ್ದರು.

ಅವರು ಕೆಲಸಕ್ಕೆ ಸೇರಿದ ಕಾಲಕ್ಕೆ ಆ ವಿಭಾಗದಲ್ಲಿ ಹೆಣ್ಣು ಡಾಕ್ಟರ್ ಅಂತ ಇದ್ದದ್ದು ಅವರೊಬ್ಬರೇ. ಡಾಕ್ಟರುಗಳ ವಿಶ್ರಾಂತಿ ಕೋಣೆ ಗಂಡಸರ ಪಾಲಾಗಿತ್ತು. ಇವರು ಬಟ್ಟೆ ಕೋಣೆಯಲ್ಲಿ, ಮಡಚಿಟ್ಟ ಹೊದಿಕೆಗಳ ಮೇಲೆ ಬೆನ್ನು ಚಾಚುತ್ತಿದ್ದರು. ರೋಗಿಯ ಮಗನಿಗೋ ಗಂಡನಿಗೋ ಅರ್ಧ ಗಂಟೆ ಎಲ್ಲ ವಿವರಿಸಿ ಮುಗಿಸಿದರೆ, "ಸರಿ ಸಿಸ್ಟರ್, ಡಾಕ್ಟರ್ ಯಾವಾಗ ಬರ್ತಾರೆ?" ಎಂಬ ಪ್ರಶ್ನೆ ಬರುತ್ತಿತ್ತಂತೆ. ಆಗಿನ ಮುಖ್ಯಸ್ಥರು, "ಇದು ಹೆಂಗಸರಿಗೆ ಆಗೋ ಕೆಲಸ ಅಲ್ಲಮ್ಮ. ಚರ್ಮದ ವಿಭಾಗಕ್ಕೆ ಹೋಗು, ಸಂಜೆ ಐದಕ್ಕೆಲ್ಲ ಮನೆ ಸೇರ್ಕೋಬಹುದು" ಎಂದಿದ್ದರು. ಇವರು ಹೋಗಲಿಲ್ಲ, ಹಲ್ಲು ಕಚ್ಚಿ ನಿಂತರು. ಅದರ ನೋವು ಮನೆಯಲ್ಲಿತ್ತು. ಮಗಳು ಅಜ್ಜಿಯ ಮಡಿಲಲ್ಲಿ ಬೆಳೆದಳು. ಅಜ್ಜಿಯನ್ನು "ಅಮ್ಮ" ಎಂದು, ತಾಯಿಯನ್ನು "ಡಾಕ್ಟರಮ್ಮ" ಎಂದು ಕರೆಯುತ್ತಿದ್ದಳು. ಮನೆಯವರಿಗೆಲ್ಲ ಅದು ತಮಾಷೆ. ದೊಡ್ಡಮ್ಮ ಕೂಡ ನಗುತ್ತಿದ್ದರಂತೆ, ಎಲ್ಲರಿಗಿಂತ ಕೊನೆಗೆ.

ಮುಖ್ಯಸ್ಥೆಯಾದ ಮೇಲೆ ಅವರು ಮಾಡಿದ ಮೊದಲ ಕೆಲಸ, ಹೆಣ್ಣು ಡಾಕ್ಟರುಗಳಿಗೆ ಬಾಗಿಲಿಗೆ ಚಿಲಕವಿರುವ ಒಂದು ಕೋಣೆ ಮಾಡಿಸಿದ್ದು. ಎರಡನೆಯದು, ಹುಡುಗಿಯರನ್ನು ಹುಡುಕಿ ಹುಡುಕಿ ತಂದು ಕಲಿಸಿದ್ದು. ಗುಬ್ಬಿ ಹಾಗೆ ಬಂದವಳು.

ಗುಬ್ಬಿ ಅಂತ ಹೆಸರಿಟ್ಟವಳು ನಾನೇ. ಐದಡಿಗೂ ಕಡಿಮೆ ಇದ್ದಳು. ನಿಂತ ಹೃದಯವನ್ನು ಒತ್ತಬೇಕಾದಾಗ ಅವಳಿಗೆ ಒಂದು ಸ್ಟೂಲ್ ಬೇಕು. ಯಾರಾದರೂ ಕುಸಿದರೆಂದರೆ ನಾವು ಒಂದು ಕೈಯಲ್ಲಿ ಔಷಧಿಯ ಟ್ರಾಲಿ, ಇನ್ನೊಂದು ಕೈಯಲ್ಲಿ ಸ್ಟೂಲ್ ಎಳೆದುಕೊಂಡು ಓಡುತ್ತಿದ್ದೆವು. ಮೊದಲ ವಾರವೇ ದೊಡ್ಡಮ್ಮ ಅವಳಿಗೆ ಅತಿ ಕಷ್ಟದ ರೋಗಿಯನ್ನು ಒಪ್ಪಿಸಿದಾಗ ನಾನು, "ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಯಾಕೆ ಮೇಡಂ" ಎಂದೆ. "ನೋಡ್ತಿರಿ ಸಿಸ್ಟರ್, ಅಸ್ತ್ರಾನೇ ಸುಸ್ತಾಗತ್ತೆ" ಎಂದರು.

ಹಾಗೆಯೇ ಆಯಿತು. ಮೂರು ವರ್ಷದಲ್ಲಿ ಅವಳಷ್ಟು ಸಲೀಸಾಗಿ ಗಂಟಲಿಗೆ ಕೊಳವೆ ಇಳಿಸುವವರು ಆ ಆಸ್ಪತ್ರೆಯಲ್ಲಿ ಇರಲಿಲ್ಲ. ಊದಿಕೊಂಡ ಗಂಟಲು, ಒಡೆದ ದವಡೆ, ಯಾವುದಾದರೂ ಸರಿ, ನಾಲಿಗೆಯ ತುದಿ ಕಚ್ಚಿಕೊಂಡು ಬಗ್ಗಿದಳೆಂದರೆ ಕೆಲಸ ಆಯಿತೆಂದೇ ಅರ್ಥ. ದೊಡ್ಡಮ್ಮ ಅವಳ ಹಿಂದೆ ಕೈಕಟ್ಟಿ ನಿಲ್ಲುತ್ತಿದ್ದರು, ಬಾಯಿ ಹಾಕುತ್ತಿರಲಿಲ್ಲ. ಮಧ್ಯಾಹ್ನ ಇಬ್ಬರೂ ಒಂದೇ ಡಬ್ಬಿಯಲ್ಲಿ ಊಟ ಮಾಡುತ್ತಿದ್ದರು. ಊರೆಲ್ಲ "ಮೇಡಂ" ಎನ್ನುವವರನ್ನು ಗುಬ್ಬಿ "ಅಕ್ಕಾ" ಎನ್ನುತ್ತಿದ್ದಳು.

ಅವಳಿಗೆ ಮದುವೆಯಾಯಿತು, ಒಂದು ಹೆಣ್ಣುಮಗು ಹುಟ್ಟಿತು. ಗಂಡ ಶಾಲೆಯ ಮೇಷ್ಟ್ರು, ಮಗುವನ್ನು ಹೆಗಲಿಗೆ ಹಾಕಿಕೊಂಡು ಓಡಾಡುವಂಥ ಮನುಷ್ಯ. ಐದು ತಿಂಗಳಿಗೆ ಅವಳು ಕೆಲಸಕ್ಕೆ ವಾಪಸಾದಳು. ಮತ್ತೆ ಮೂರು ತಿಂಗಳಿಗೆ ಘಟಕದ ಉಪಮುಖ್ಯಸ್ಥರ ಹುದ್ದೆ ಖಾಲಿಯಾಯಿತು. ಗುಬ್ಬಿ ಅರ್ಜಿ ಹಾಕಿದಳು. ಅದು ಅವಳದೇ ಎಂದು ಕಸ ಗುಡಿಸುವವರಿಗೂ ಗೊತ್ತಿತ್ತು.

ಆಯ್ಕೆ ಸಮಿತಿಯಲ್ಲಿ ಐದು ಜನ, ನಾಲ್ವರು ಗಂಡಸರು ಮತ್ತು ದೊಡ್ಡಮ್ಮ. ಅಡ್ಡಗಾಲು ಹಾಕುವವರಿದ್ದರೆ ಆ ನಾಲ್ವರೇ ಎಂದು ನಾವು ಲೆಕ್ಕ ಹಾಕಿದ್ದೆವು. ಆದರೆ ಅವರು ಅವಳ ಕೆಲಸ ಕಂಡಿದ್ದರು, ಒಪ್ಪಿಯೂ ಇದ್ದರು. ನಿರ್ದೇಶಕರು ಸುಮ್ಮನೆ ಮರ್ಯಾದೆಗೆಂದು, "ನಿಮ್ಮ ಶಿಷ್ಯೆ, ನೀವೇನಂತೀರಿ?" ಎಂದು ಕೇಳಿದರು.

ದೊಡ್ಡಮ್ಮ ಹೇಳಿದ್ದು ಇಷ್ಟು: "ಮಗು ಇನ್ನೂ ಎಂಟು ತಿಂಗಳದು. ಈಗ ಬೇಡ. ಎರಡು ವರ್ಷ ಬಿಡಿ, ಆಮೇಲೆ ಅವಳಿಗೇ ಕೊಡೋಣ."

ಹುದ್ದೆ ಗುಬ್ಬಿಗಿಂತ ಎರಡು ವರ್ಷ ಕಿರಿಯನಾದ ಒಬ್ಬನಿಗೆ ಹೋಯಿತು. ಕೊಳವೆ ಇಳಿಸುವುದನ್ನು ಅವನಿಗೆ ಕಲಿಸಿದವಳು ಗುಬ್ಬಿಯೇ.

ಸಮಿತಿಯ ನಡಾವಳಿ ಟೈಪಾಗಿ ಬಂದ ದಿನ ಗುಮಾಸ್ತರು ಅದನ್ನು ಅವಳ ಕೈಗೇ ಕೊಟ್ಟರು. ಬೆಳಗಿನ ರೌಂಡ್ ಆಗಷ್ಟೇ ಮುಗಿದಿತ್ತು. ನಾನು ಬಟ್ಟೆ ಕೋಣೆಯಲ್ಲಿ ಹೊದಿಕೆ ಎಣಿಸುತ್ತಿದ್ದೆ. ಅವರಿಬ್ಬರೂ ಒಳಗೆ ಬಂದರು. ನಾನಿರುವುದು ಕಂಡರೂ ಗುಬ್ಬಿ ನಿಲ್ಲಲಿಲ್ಲ.

"ಇದು ನೀವು ಹೇಳಿದ್ದಾ ಅಕ್ಕಾ?"

"ನಿನ್ನ ಒಳ್ಳೇದಕ್ಕೆ ಹೇಳಿದ್ದು ಕಣೆ. ಮಗು ಚಿಕ್ಕದು. ನಂಗೆ ಆಗಿದ್ದು ನಿಂಗೆ ಆಗಬಾರದು ಅಂತ."

"ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ."

ದೊಡ್ಡಮ್ಮ ಬಾಗಿಲು ಎಳೆದುಕೊಂಡರು.

"ಮನೇಲಿ ಕೂತು ಮಾತಾಡಿದ್ವಿ ಅಕ್ಕಾ, ನಾನೂ ಅವರೂ. ಯಾರು ಎಷ್ಟು ಹೊತ್ತಿಗೆ ಮನೇಲಿರೋದು ಅಂತ ಬರೆದು ಗೋಡೆಗೆ ಅಂಟಿಸಿದ್ವಿ. ಬೇರೆ ಯಾರಾದ್ರೂ ಹೀಗೆ ಮಾಡಿದ್ದರೆ ನಿಮ್ಮ ಹತ್ರ ಬಂದು ಅಳ್ತಿದ್ದೆ. ಈಗ ಯಾರ ಹತ್ರ ಹೋಗ್ಲಿ?"

ಅವಳ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. ಒಂದು ತಿಂಗಳ ನೋಟಿಸ್ ಕೊಟ್ಟು, ಆ ಒಂದು ತಿಂಗಳೂ ಒಂದು ನಿಮಿಷ ತಡಮಾಡದೆ ಬಂದು ಕೆಲಸ ಮಾಡಿ, ಹೋದಳು. ಆ ವರ್ಷ ತರಬೇತಿಗೆ ಬರುತ್ತೇನೆಂದಿದ್ದ ಮೂವರು ಹುಡುಗಿಯರು ಬೇರೆ ವಿಭಾಗ ಆರಿಸಿಕೊಂಡರು. ಅವರಲ್ಲೊಬ್ಬಳು ನನ್ನೆದುರೇ, "ಗುಬ್ಬಿ ಅಕ್ಕಂಗೇ ಹೀಗಾದ್ರೆ ನಮ್ಮನ್ಯಾರು ಕೇಳ್ತಾರೆ ಸಿಸ್ಟರ್" ಎಂದಳು. ಚಿಲಕದ ಕೋಣೆಯಲ್ಲಿ ಹಳೆಯ ಫೈಲುಗಳನ್ನು ತುಂಬಿದರು.

ಎರಡು ವರ್ಷಕ್ಕೆ ಆ ಉಪಮುಖ್ಯಸ್ಥ ಇನ್ನೂ ದೊಡ್ಡ ಆಸ್ಪತ್ರೆ ಹುಡುಕಿಕೊಂಡು ಹೋದ. ದೊಡ್ಡಮ್ಮ ನನ್ನನ್ನು ಕರೆದು, "ಸಿಸ್ಟರ್, ಭಾನುವಾರ ನನ್ನ ಜೊತೆ ಬರ್ತೀರಾ? ಒಬ್ಬಳೇ ಹೋಗೋಕೆ ಕಾಲು ಬರ್ತಿಲ್ಲ" ಎಂದರು. ನಾಲ್ಕು ಗಂಟೆ ಬಸ್ಸಿನಲ್ಲಿ ಕೂತು ಗುಬ್ಬಿ ಈಗಿದ್ದ ಊರಿಗೆ ಹೋದೆವು.

ಗುಬ್ಬಿ ಆ ಊರಿನ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ವರದಿಗಳಿಗೆ ಸಹಿ ಹಾಕುವ ಕೆಲಸ ಮಾಡುತ್ತಿದ್ದಳು. ಮನೆ ಚಿಕ್ಕದು, ಚೊಕ್ಕಟವಾಗಿತ್ತು. ಮೇಷ್ಟ್ರು ಟೀ ಕೊಟ್ಟು, ಮಗುವನ್ನು ಎತ್ತಿಕೊಂಡು ಹೊರಗೆ ಹೋದರು.

"ಚೆನ್ನಾಗಿದೀರಾ ಮೇಡಂ?" ಎಂದಳು ಗುಬ್ಬಿ.

ಆ "ಮೇಡಂ" ಕೇಳಿ ದೊಡ್ಡಮ್ಮ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ಸುತ್ತಿ ಬಳಸಲಿಲ್ಲ. "ತಪ್ಪು ನನ್ನದು. ಹುದ್ದೆ ಖಾಲಿ ಇದೆ. ನಿಂಗೆ ಬೇಕಾ ಅಂತ ಕೇಳೋಕೆ ಬಂದೆ."

ಗುಬ್ಬಿ ಆ ಲೋಟವನ್ನು ಮತ್ತೆ ಅವರ ಕಡೆ ಸರಿಸಿದಳು. "ಕೋಪ ಇಲ್ಲ ಮೇಡಂ, ನಿಜವಾಗ್ಲೂ. ಆದ್ರೆ ನಾನು ಬರಲ್ಲ. ಬಂದ್ರೆ, ಮಗೂಗೆ ಜ್ವರ ಬಂದ ದಿನ, ನಾನು ಐದು ನಿಮಿಷ ಲೇಟಾದ ದಿನ, ನಿಮ್ಮ ಮುಖ ನೋಡಿ, ಇವರು ನನ್ನ ಬಗ್ಗೆ ಈಗೇನು ತೀರ್ಮಾನ ಮಾಡ್ತಿದಾರೋ ಅಂತ ಹೆದರ್ತೀನಿ. ಹಾಗೆ ಹೆದರ್ಕೊಂಡು ಯಾರ ಗಂಟಲಿಗೂ ಕೊಳವೆ ಹಾಕೋಕಾಗಲ್ಲ."

ಬಾಗಿಲವರೆಗೂ ಬಂದು ಕಳಿಸಿಕೊಟ್ಟಳು. ದಾರಿಯಲ್ಲಿ ತಿನ್ನಲು ಬಾಳೆಹಣ್ಣು ಕೊಟ್ಟಳು. ಬಸ್ಸು ಅರ್ಧ ದಾರಿ ದಾಟಿದಾಗ ದೊಡ್ಡಮ್ಮ, "ನನ್ನ ಹಿರಿಯರು ನನ್ನನ್ನ ತಡೆದಾಗ ಅದು ಅಸಡ್ಡೆ ಅಂತ ಗೊತ್ತಾಗ್ತಿತ್ತು ಸಿಸ್ಟರ್. ಜಗಳ ಆಡ್ದೆ, ಗೆದ್ದೆ. ನಾನು ಪ್ರೀತಿಯಿಂದ ತಡೆದೆ. ಪಾಪ, ಅವಳು ಹೇಗೆ ಜಗಳ ಆಡ್ತಾಳೆ" ಎಂದರು. ಬಾಳೆಹಣ್ಣು ಸುಲಿದು ಅವರ ಕೈಗಿಟ್ಟೆ. ಊರು ಬರುವವರೆಗೂ ಹಾಗೇ ಹಿಡಿದುಕೊಂಡಿದ್ದರು.

ಆಮೇಲೆ ಅವರಿಗೆ ಹುಡುಗಿಯರನ್ನು ಮತ್ತೆ ಕರೆತರಲು ನಾಲ್ಕು ವರ್ಷ ಹಿಡಿಯಿತು. ಕಾಲೇಜುಗಳಿಗೆ ಹೋದರು, ಒಬ್ಬೊಬ್ಬರನ್ನೂ ಕೂರಿಸಿಕೊಂಡು ಮಾತಾಡಿದರು, ಗುಬ್ಬಿಯ ವಿಷಯವನ್ನು ತಾವೇ ಮೊದಲು ಹೇಳಿದರು. ಇಬ್ಬರು ಬಂದರು. ದೊಡ್ಡಮ್ಮನ ನಿವೃತ್ತಿಗೆ ಆರು ತಿಂಗಳಿದ್ದಾಗ, ಮತ್ತೆ ಖಾಲಿಯಾಗಿದ್ದ ಉಪಮುಖ್ಯಸ್ಥರ ಹುದ್ದೆಗೆ ಆ ಇಬ್ಬರಲ್ಲಿ ದೊಡ್ಡವಳ ಹೆಸರು ಬಂತು. ಅವಳು ಏಳು ತಿಂಗಳ ಬಸುರಿ.

ಸಮಿತಿಗೆ ಹೋಗುವ ಮೊದಲು ದೊಡ್ಡಮ್ಮ ಅವಳನ್ನು ಮೂರನೇ ಹಾಸಿಗೆಯ ಪಕ್ಕದಲ್ಲೇ ನಿಲ್ಲಿಸಿ, "ನಿಂಗೆ ಬೇಕಾ?" ಎಂದರು.

"ಬೇಕು ಮೇಡಂ" ಎಂದಳು ಆಕೆ, ಹನಿಯುವ ಔಷಧಿಯ ವೇಗ ಸರಿಮಾಡುತ್ತಲೇ.

ಅವಳಿಗೇ ಆಯಿತು. ದೊಡ್ಡಮ್ಮ ಸಮಿತಿ ಕೋಣೆಯಿಂದ ಹೊರಬಂದು, ರೋಗಿಗಳ ಕಡೆಯವರು ಕೂರುವ ಬೆಂಚಿನ ಮೇಲೆ ಕೂತು, ನಡುಹಗಲಲ್ಲಿ, ಅಷ್ಟು ಜನರ ನಡುವೆ ಅತ್ತರು. ಅವರ ಕಡೆಯವರು ಯಾರೋ ಹೋಗಿಬಿಟ್ಟರೆಂದುಕೊಂಡು ಪಕ್ಕದಲ್ಲಿದ್ದ ಮುದುಕಿಯೊಬ್ಬರು ಅವರ ಬೆನ್ನು ಸವರುತ್ತಿದ್ದರು. ನಾನು ಎದುರಿಗೆ ಅಡ್ಡ ನಿಂತೆ.

"ಎಷ್ಟು ಹೊತ್ತು ಹಿಡೀತು ನೋಡಿದ್ರಾ ಸಿಸ್ಟರ್, ಕೇಳೋದಕ್ಕೆ" ಎಂದರು. "ಅರ್ಧ ನಿಮಿಷಾನೂ ಆಗ್ಲಿಲ್ಲ."